ತಿರುವಿನಲ್ಲಿ ಜಾರದ ಸೀಟು

ನಾನು ಕಾರಿನ ಸೀಟು ಕಟ್ಟುವ ಕೆಲಸಕ್ಕೆ ಸೇರಿದಾಗ ಮುಂದಿನ ಸೀಟೆಂದರೆ ಒಂದು ಬೆಂಚು. ಈ ಬಾಗಿಲಿನಿಂದ ಆ ಬಾಗಿಲಿನವರೆಗೆ ಒಂದೇ ಉದ್ದ. ಮೇಲೆ ನುಣ್ಣಗಿನ ರೆಕ್ಸಿನ್, ಒಳಗೆ ಸ್ಪ್ರಿಂಗು, ಗೋಣಿ, ತೆಂಗಿನ ನಾರು, ಹತ್ತಿ. ಓಡಿಸುವವನ ಪಕ್ಕ ಇಬ್ಬರು ಕೂರುತ್ತಿದ್ದರು, ಮನಸ್ಸಿದ್ದರೆ ಮೂವರು. ನೇರ ರಸ್ತೆಯಲ್ಲಿ ಅದು ಸುಖವೇ. ತಿರುವು ಬಂತೆಂದರೆ ಎಲ್ಲರೂ ಒಟ್ಟಿಗೆ ಒಂದು ಕಡೆಗೆ ಜಾರುತ್ತಿದ್ದರು, ಮುಂದಿನ ತಿರುವಿಗೆ ಇನ್ನೊಂದು ಕಡೆಗೆ. ಉಡುಪಿಯಿಂದ ಕಾರ್ಕಳಕ್ಕೆ ಹೋಗುವ ದಾರಿಯಲ್ಲಿ ಇಂಥ ತಿರುವು ಎಷ್ಟು ಎಂದು ಆ ದಾರಿಯಲ್ಲಿ ಹೋದವರಿಗೆ ಹೇಳಬೇಕಾಗಿಲ್ಲ.

ಈಗ ಈ ಕೆಲಸಕ್ಕೆ ಬರುವವರು ಅಚ್ಚಿನಲ್ಲಿ ಎರೆದ ಫೋಮನ್ನು ನೋಡಿದವರು. ಸೀಟು ಕಾರ್ಖಾನೆಯಿಂದಲೇ ಎರಡು ಬದಿ ಎತ್ತರವಾಗಿ, ಮೈಯನ್ನು ಅಪ್ಪಿಕೊಳ್ಳುವ ಹಾಗೆ ಬರುತ್ತದೆ. ನಮ್ಮ ಕಾಲದಲ್ಲಿ ಅದನ್ನು ಕೈಯಿಂದ ಮಾಡಲು ಹೋಗಿ ನಾನು ಗೆದ್ದದ್ದೂ ಉಂಟು, ಸೋತದ್ದೂ ಉಂಟು. ಗೆದ್ದ ಕಥೆಯನ್ನು ಊರವರು ಬೇಕಾದಷ್ಟು ಹೇಳಿದ್ದಾರೆ. ಸೋತದ್ದನ್ನು ನಾನೇ ಬರೆಯಬೇಕು.

ನಾನು ಶಂಕರಪುರದವನು. ಮನೆಯಲ್ಲಿ ಎಲ್ಲರಿಗೂ ಮಲ್ಲಿಗೆ ಗಿಡದ ಕೆಲಸ, ನನಗೆ ಮಾತ್ರ ಸೂಜಿಯ ಹುಚ್ಚು. ದರ್ಜಿಯ ಕೆಲಸ ಕಲಿತು ಕೆಲವು ವರ್ಷ ಅಂಗಿ, ಪಾಯಜಾಮ ಹೊಲಿದೆ. ಐವತ್ತರ ದಶಕದ ಮೊದಲಲ್ಲಿ ಉಡುಪಿಯ ಕೊಗ್ಗ ಮೇಸ್ತ್ರಿಯ ಕುಶನ್ ಅಂಗಡಿಗೆ ಸೇರಿದೆ. ದಪ್ಪ ರೆಕ್ಸಿನ್ ಹೊಲಿಯಲು ಅವರಿಗೆ ಗಟ್ಟಿ ಕೈಯ ದರ್ಜಿ ಬೇಕಿತ್ತು. ಬಸ್ಸು ನಿಲ್ಲುವ ಜಾಗದಿಂದ ಸ್ವಲ್ಪ ಕೆಳಗೆ, ಹೆಂಚಿನ ಮಾಡಿನ ಒಂದು ಉದ್ದದ ಕೋಣೆ. ಕೊಗ್ಗ ಮೇಸ್ತ್ರಿ ಕುಳ್ಳ, ಮಾತು ಕಡಿಮೆ. ಬಾಯಲ್ಲಿ ಯಾವಾಗಲೂ ಏಳೆಂಟು ಸಣ್ಣ ಮೊಳೆ ಕಚ್ಚಿಕೊಂಡಿರುತ್ತಿದ್ದರು. ಮಾತನಾಡಬೇಕಾದರೆ ಮೊಳೆಗಳನ್ನು ಅಂಗೈಗೆ ಉಗುಳಿ ಮಾತನಾಡಬೇಕು. ಅದಕ್ಕೇ ಮಾತು ಕಡಿಮೆ ಎಂದು ನಾವು ನಗುತ್ತಿದ್ದೆವು. ಪೀಟರ್ ಎಂಬ ನನ್ನ ಹೆಸರು ಅವರ ಬಾಯಲ್ಲಿ ಮೊದಲ ದಿನವೇ ಪೇದ್ರು ಆಯಿತು.

ಸೀಟಿನ ಕೆಲಸದಲ್ಲಿ ಕಣ್ಣಿಗೆ ಕಾಣುವುದು ಮೇಲಿನ ಹೊಲಿಗೆ ಮಾತ್ರ. ದರ್ಜಿಯಾದ ನನಗೆ ಅದೇ ದೊಡ್ಡದು ಅನಿಸಿತ್ತು. ಒಮ್ಮೆ ಊರಿನ ವಕೀಲರೊಬ್ಬರ ಕಾರಿನ ಸೀಟು ತುಂಬಿಸಲು ನಾನೇ ಹೋಗಿ ನಾರು ತಂದೆ. ಕಡಲ ಹತ್ತಿರದ ಹೊಳೆಯ ಉಪ್ಪುನೀರಿನಲ್ಲಿ ಕೊಳೆಸಿದ ನಾರು ಅದು. ಸಿಹಿನೀರಿನಲ್ಲಿ ಎರಡು ಸಲ ತೊಳೆದು ಬಿಸಿಲಿಗೆ ಹಾಕಬೇಕಿತ್ತು. ಮಳೆ ಹಿಡಿದಿತ್ತು, ಬಿಸಿಲು ಇರಲಿಲ್ಲ. ಒಣಗಿದ ಹಾಗೆ ಕಂಡದ್ದನ್ನು ತೊಳೆಯದೆ ಹಾಗೆಯೇ ತುಂಬಿಸಿ, ಮೇಲೆ ಚಂದದ ಹೊಲಿಗೆ ಹಾಕಿ ಕೊಟ್ಟೆ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಉಪ್ಪು ಸ್ಪ್ರಿಂಗನ್ನು ತಿಂದಿತ್ತು. ಕೋರ್ಟಿಗೆ ಹೊರಟಿದ್ದ ವಕೀಲರ ಕಾರು ಒಂದು ಹೊಂಡಕ್ಕೆ ಇಳಿದಾಗ ತುಂಡಾದ ತಂತಿ ಗೋಣಿ, ಹತ್ತಿ, ರೆಕ್ಸಿನ್ ಎಲ್ಲವನ್ನೂ ತೂತು ಮಾಡಿಕೊಂಡು ಮೇಲೆ ಬಂತು. ಅವರು ಕೇಸಿನ ಫೈಲನ್ನು ಹಿಂದುಗಡೆ ಅಡ್ಡ ಹಿಡಿದುಕೊಂಡು ನೇರ ನಮ್ಮ ಅಂಗಡಿಗೆ ಬಂದರು.

ಕೊಗ್ಗ ಮೇಸ್ತ್ರಿ ಮೊಳೆಗಳನ್ನು ಉಗುಳಿ, ಎದ್ದು ನಿಂತರು. "ತಪ್ಪು ನನ್ನದು. ನಾರನ್ನು ನಾನು ನೋಡಬೇಕಿತ್ತು," ಅಂದರು. ನನ್ನ ಕಡೆಗೆ ಬೊಟ್ಟು ಮಾಡಲಿಲ್ಲ. ವಕೀಲರು ಹೋದ ಮೇಲೆ ನನ್ನ ಕೈಗೆ ಒಂದು ಹಿಡಿ ನಾರು ಕೊಟ್ಟು, "ನಾಲಿಗೆಗೆ ಹಚ್ಚು," ಅಂದರು. ಹಚ್ಚಿದೆ. ಉಪ್ಪು. "ಇನ್ನು ಮೇಲೆ ಹೀಗೆ ನೋಡಿಯೇ ತುಂಬಿಸು," ಎಂದು ಹೇಳಿ ಕೆಲಸಕ್ಕೆ ಕೂತರು. ಅಷ್ಟೇ. ಆಮೇಲೆ ಕೆಲಸ ಬಿಡುವವರೆಗೂ ನಾರನ್ನು ನಾಲಿಗೆಗೆ ಹಚ್ಚಿ ನೋಡದೆ ನಾನು ಸೀಟು ತುಂಬಿಸಿದವನಲ್ಲ.

ಶಾಂತಿರಾಜ ಡಾಕ್ಟರು ಅಂಗಡಿಗೆ ಬಂದದ್ದು ಇದಾಗಿ ಎರಡೋ ಮೂರೋ ವರ್ಷಕ್ಕೆ. ಕಾರ್ಕಳದಲ್ಲಿ ಅವರದು ಸಣ್ಣ ಹೆರಿಗೆ ಆಸ್ಪತ್ರೆ. ವಯಸ್ಸು ನಲವತ್ತರ ಹತ್ತಿರ, ಸಪೂರ, ಎತ್ತರ. ಹಳ್ಳಿಯಿಂದ ಕರೆ ಬಂದರೆ ತಾವೇ ಕಾರು ಓಡಿಸಿಕೊಂಡು ಹೋಗುತ್ತಿದ್ದರು. ಅವರ ಓಟದ ಸುದ್ದಿ ನಾವು ಕೇಳಿದ್ದೆವು. ಹಿರಿಯಡ್ಕದ ಹೋಟೆಲಿನವರು ಕಾರಿನ ಸದ್ದು ಕೇಳಿಯೇ "ಡಾಕ್ಟರು ಬಂದರು" ಎನ್ನುತ್ತಿದ್ದರಂತೆ, ಹೊರಗೆ ಬಂದು ನೋಡುವಷ್ಟರಲ್ಲಿ ಧೂಳು ಮಾತ್ರ ಕಾಣುತ್ತಿತ್ತಂತೆ.

"ಕೊಗ್ಗಣ್ಣ, ನನ್ನ ಕಾರು ರಸ್ತೆಯಲ್ಲಿ ಚೆನ್ನಾಗಿ ನಿಲ್ತದೆ. ನಾನೇ ಕಾರಿನ ಒಳಗೆ ನಿಲ್ಲುವುದಿಲ್ಲ," ಅಂದರು ಡಾಕ್ಟರು.

"ಹಾಗೆಂದರೆ ಎಂತ ಡಾಕ್ಟ್ರೇ?"

"ಬಲಕ್ಕೆ ತಿರುಗಿಸಿದರೆ ನಾನು ಎಡಕ್ಕೆ ಜಾರ್ತೇನೆ. ಎಡಕ್ಕೆ ತಿರುಗಿಸಿದರೆ ಬಾಗಿಲಿಗೆ ಹೋಗಿ ಅಂಟಿಕೊಳ್ತೇನೆ. ಸ್ಟಿಯರಿಂಗ್ ಹಿಡಿದದ್ದು ಕಾರು ತಿರುಗಿಸಲಿಕ್ಕಾ, ನಾನು ಬೀಳದ ಹಾಗೆ ನೋಡಿಕೊಳ್ಳಲಿಕ್ಕಾ ಅಂತ ನನಗೇ ಗೊತ್ತಾಗುವುದಿಲ್ಲ."

"ಸ್ವಲ್ಪ ನಿಧಾನ ಹೋದರೆ ಆಯ್ತಲ್ಲ?"

ಡಾಕ್ಟರು ಜೋರಾಗಿ ನಕ್ಕರು. "ಅದಕ್ಕೆ ನಿಮ್ಮ ಅಂಗಡಿಗೆ ಬರಬೇಕಾ?"

ನೋಡಿಕೊಂಡು ಬಾ ಎಂದು ಕೊಗ್ಗ ಮೇಸ್ತ್ರಿ ನನ್ನನ್ನು ಅವರ ಜೊತೆ ಕಳಿಸಿದರು. ಉಡುಪಿಯಿಂದ ಮಣಿಪಾಲಕ್ಕೆ ಏರಿದೆವು. ಆಗ ಮಣಿಪಾಲವೆಂದರೆ ಬೋಳು ಗುಡ್ಡ, ಅಲ್ಲೊಂದು ಇಲ್ಲೊಂದು ಕಾಲೇಜಿನ ಕಟ್ಟಡ ಏಳುತ್ತಿತ್ತು. ಪರ್ಕಳದ ಕಡೆಗೆ ಇಳಿಯುವಾಗ ಡಾಕ್ಟರು ತಮ್ಮ ಕಸುಬು ತೋರಿಸಿದರು. ತಿರುವಿಗೆ ಮೊದಲೇ ವೇಗ ಇಳಿಸಿ, ತಿರುವಿನ ಒಳಗೆ ಬ್ರೇಕ್ ಮುಟ್ಟದೆ, ಅರ್ಧ ದಾಟಿದ ಕೂಡಲೇ ಮತ್ತೆ ವೇಗ ಕೊಡುತ್ತಿದ್ದರು. ಪುಂಡರ ಹಾಗೆ ಓಡಿಸುವವರಲ್ಲ ಅವರು. ಆದರೆ ತಿರುವು ಬಂದಾಗ ಮುಖ ಅರಳುತ್ತಿತ್ತು, ಅದನ್ನು ನಾನು ಕಂಡೆ. ನಾನೋ ಪಕ್ಕದಲ್ಲಿ ಒಮ್ಮೆ ಅವರ ಮೈಮೇಲೆ, ಒಮ್ಮೆ ಬಾಗಿಲಿನ ಮೇಲೆ. ಕೊನೆಗೆ ಕಿಟಕಿಯ ಚೌಕಟ್ಟು ಹಿಡಿದು ಕೂತೆ. ಪಕ್ಕದಲ್ಲಿ ಕೂತವನ ಪಾಡು ಏನೆಂದು ಆ ದಿನ ನನ್ನ ಮೈಗೇ ಗೊತ್ತಾಗಿತ್ತು. ಆದರೂ ಅಂಗಡಿಗೆ ಹಿಂದಿರುಗುವಾಗ ನನ್ನ ತಲೆಯಲ್ಲಿ ಇದ್ದದ್ದು ಡಾಕ್ಟರು ಕೂರುವ ಜಾಗ ಮಾತ್ರ.

ಕೊಗ್ಗ ಮೇಸ್ತ್ರಿಗೆ ಈ ಕೆಲಸ ಇಷ್ಟವಿರಲಿಲ್ಲ. "ಜಾರುವುದು ಒಳ್ಳೆಯದು ಮಾರಾಯ," ಅಂದರು. "ಮೈ ಜಾರಿದರೆ ಹೆದರಿಕೆ ಆಗ್ತದೆ. ಹೆದರಿಕೆ ಆದರೆ ಕಾಲು ತನ್ನಷ್ಟಕ್ಕೆ ಬ್ರೇಕಿಗೆ ಹೋಗ್ತದೆ. ನೀನು ಅವರನ್ನು ಗಟ್ಟಿ ಕೂರಿಸಿದರೆ ಹೆದರಿಕೆ ಎಲ್ಲಿಂದ ಬರಬೇಕು?"

ಹಳೆಯ ಕಾಲದವರ ಮಾತು ಎಂದುಕೊಂಡೆ. ಹೊಸದನ್ನು ಮಾಡುವ ಹುಮ್ಮಸ್ಸು ನನಗೆ.

ಮೊದಲು ಮಾಡಿದ್ದು ದೊಡ್ಡ ತಪ್ಪಾಯಿತು. ಬೆಂಚಿನ ಮೇಲೆ ಡಾಕ್ಟರು ಕೂರುವ ಜಾಗದ ಎರಡು ಬದಿಗೂ ನಾರು ಗಿಡಿದು ತುಂಬಿಸಿದ ಎರಡು ಗಟ್ಟಿ ದಿಂಬು ಕಟ್ಟಿದೆ. ಬಾಗಿಲಿನ ಕಡೆಯದು ಇಳಿಯುವಾಗ ತೊಡೆಗೆ ತಡೆಯುತ್ತಿತ್ತು, ಒಳಗಿನದು ಮೊಣಕೈಗೆ ಬಡಿಯುತ್ತಿತ್ತು. ಎರಡೇ ದಿನದಲ್ಲಿ ಡಾಕ್ಟರು ತಿರುಗಿ ಬಂದರು.

"ಪೀಟರ್, ಜಾರುವುದು ನಿಂತಿತು. ಇಳಿಯುವುದೂ ನಿಂತಿತು. ನಿನ್ನೆ ರೋಗಿಯ ಮನೆಯ ಅಂಗಳದಲ್ಲಿ ಮನೆಯವರು ಬ್ಯಾಗು ಹಿಡಿದುಕೊಂಡು ನಿಂತಿದ್ದಾರೆ, ನಾನು ಸೀಟಿನಲ್ಲಿ ಸಿಕ್ಕಿಹಾಕಿಕೊಂಡು ಒದ್ದಾಡ್ತಾ ಇದ್ದೇನೆ!"

ನಗುತ್ತಲೇ ಹೇಳಿದರು. ನನಗೆ ಮಾತ್ರ ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ದಿಂಬುಗಳನ್ನು ಬಿಚ್ಚಿಹಾಕಿದೆ.

ಎಲ್ಲಿ ಹಿಡಿಯಬೇಕು, ಎಲ್ಲಿ ಬಿಡಬೇಕು ಎಂಬುದು ಹೊಳೆಯದೆ ಎರಡು ವಾರ ಕಳೆಯಿತು. ಒಂದು ಭಾನುವಾರ ಚರ್ಚಿನ ಪೂಜೆ ಮುಗಿಸಿ ಕಾಪುವಿಗೆ ಹೋಗಿದ್ದೆ. ದೀಪಸ್ತಂಭದ ಹತ್ತಿರ ಒದ್ದೆ ಮರಳಿನಲ್ಲಿ ಸುಮ್ಮನೆ ಕೂತು, ಎದ್ದು ಪಂಚೆ ಕೊಡವಿಕೊಳ್ಳುವಾಗ ಹಿಂದೆ ನೋಡಿದೆ. ನಾನು ಕೂತ ಅಚ್ಚು ಮರಳಿನಲ್ಲಿ ಹಾಗೆಯೇ ಉಳಿದಿತ್ತು. ಸೊಂಟದ ಬದಿಯಲ್ಲಿ ಮರಳು ಎಷ್ಟು ಎತ್ತರಕ್ಕೆ ಒತ್ತಿಕೊಂಡಿದೆ, ತೊಡೆಯ ಕೆಳಗೆ ಎಷ್ಟು ಇಳಿದಿದೆ, ಎಲ್ಲಾ ಬರೆದಿಟ್ಟ ಹಾಗೆ ಕಾಣುತ್ತಿತ್ತು. ಮುಂದಿನ ಭಾನುವಾರ ಡಾಕ್ಟರನ್ನೇ ಕಾಪುವಿಗೆ ಕರೆಸಿದೆ.

ಮರಳನ್ನು ಸೀಟಿನ ಎತ್ತರಕ್ಕೆ ದಿಬ್ಬ ಮಾಡಿ, ಒತ್ತಿ, ನೀರು ಹಾಕಿ, ಡಾಕ್ಟರನ್ನು ಅದರಲ್ಲಿ ಕೂರಿಸಿದೆ. ಕೈಗೆ ಒಂದು ಬಳ್ಳಿಯ ಬುಟ್ಟಿಯನ್ನು ಸ್ಟಿಯರಿಂಗಿನ ಬದಲು ಕೊಟ್ಟೆ. "ಈಗ ಬಲ ತಿರುವು ಬಂತು ಡಾಕ್ಟ್ರೇ," ಎಂದರೆ ಅವರು ಬುಟ್ಟಿಯನ್ನು ಬಲಕ್ಕೆ ತಿರುಗಿಸುತ್ತಿದ್ದರು, ನಾನು ಅವರ ಭುಜವನ್ನು ಎಡಕ್ಕೆ ತಳ್ಳುತ್ತಿದ್ದೆ. ಬಲೆ ಒಣಗಿಸುತ್ತಿದ್ದ ಮೊಗವೀರರು ಕೆಲಸ ಬಿಟ್ಟು ಸುತ್ತ ನಿಂತರು.

"ಡಾಕ್ಟರಿಗೆ ಎಂತ ಆಯ್ತು?" ಎಂದು ಒಬ್ಬರು ನನ್ನನ್ನು ಗುಟ್ಟಾಗಿ ಕೇಳಿದರು.

"ಎಂತ ಆಗಲಿಲ್ಲ. ಕಾರು ಓಡಿಸ್ತಾ ಇದ್ದಾರೆ," ಎಂದೆ. ಅವರು ನನ್ನನ್ನೂ ಒಮ್ಮೆ ಮೇಲಿನಿಂದ ಕೆಳಗೆ ನೋಡಿ ಹೋದರು.

ಆ ಮರಳಿನ ಅಚ್ಚನ್ನು ಬೆತ್ತದ ಸೀಳುಗಳಿಂದ ಅಳೆದುಕೊಂಡು ಬಂದೆ. ಹಿಡಿಯಬೇಕಾದ್ದು ಎರಡೇ ಕಡೆ: ಸೊಂಟದ ಎಲುಬಿನ ಬದಿಯಲ್ಲಿ ಮತ್ತು ಪಕ್ಕೆಯ ಕೆಳಗೆ. ಭುಜ, ಮೊಣಕೈಯನ್ನು ಬಿಡಬೇಕು. ಕೂರುವ ಜಾಗದ ಹಿಂಭಾಗವನ್ನು ಎರಡು ಬೆರಳು ತಗ್ಗಿಸಿದರೆ ತೊಡೆ ತಾನಾಗಿ ಎತ್ತರವಾಗಿ, ಮೈ ಮುಂದಕ್ಕೆ ಜಾರುವುದಿಲ್ಲ. ಬಾಗಿಲಿನ ಕಡೆಯ ಏರು ತಗ್ಗಾಗಿ, ಮೆತ್ತಗೆ ಇರಬೇಕು, ಆಗ ಇಳಿಯಲು ತಡೆಯಾಗದು. ಮೈ ತಾಗುವ ಜಾಗಕ್ಕೆ ರೆಕ್ಸಿನ್ ಬೇಡ, ದಪ್ಪ ಕೈಮಗ್ಗದ ಬಟ್ಟೆ ಬೇಕು. ಇಷ್ಟನ್ನು ತಿಳಿದುಕೊಳ್ಳಲು ನನಗೆ ಒಂದು ತಿಂಗಳು ಹಿಡಿಯಿತು. ಬೆಂಚನ್ನು ಗರಗಸದಲ್ಲಿ ಕೊಯ್ದು ಎರಡು ಭಾಗ ಮಾಡಿದೆ. ಬಲಗಡೆಯದು ಡಾಕ್ಟರದು, ಅವರ ಮೈಯ ಅಳತೆಗೆ. ಎಡಗಡೆಯದನ್ನು ಮೊದಲಿದ್ದ ಹಾಗೆಯೇ ಚಪ್ಪಟೆಯಾಗಿ ಬಿಟ್ಟು, ಚಂದ ಕಾಣಲಿ ಎಂದು ಹೊಸ ರೆಕ್ಸಿನ್ ಹೊದಿಸಿದೆ. ಹೊಳೆಯುತ್ತಿತ್ತು.

ಡಾಕ್ಟರು ಕಾರ್ಕಳಕ್ಕೆ ಹೋಗಿ, ಅದೇ ದಿನ ತಿರುಗಿ ಬಂದು ನನ್ನ ಎರಡೂ ಕೈ ಹಿಡಿದುಕೊಂಡರು. "ಈಗ ಕೈಯಲ್ಲಿ ಸ್ಟಿಯರಿಂಗ್ ಮಾತ್ರ ಉಂಟು ಪೀಟರ್, ನನ್ನ ಮೈ ಇಲ್ಲ," ಅಂದರು. ಈಗಲೂ ನೆನೆದರೆ ಮೈ ಬೆಚ್ಚಗಾಗುತ್ತದೆ. ಸ್ವಲ್ಪ ದಿನದಲ್ಲೇ ಬಜಗೋಳಿಯ ಆಚೆಯಿಂದ ಒಂದು ಕರೆ ಬಂದಾಗ ಅವರು ತಲುಪಿದ್ದು ಸರಿಯಾದ ಹೊತ್ತಿಗೆ, ಇನ್ನು ಸ್ವಲ್ಪ ತಡವಾಗಿದ್ದರೆ ತಾಯಿ ಉಳಿಯುತ್ತಿರಲಿಲ್ಲ ಎಂದು ಅವರೇ ಬಂದು ಹೇಳಿದರು. ನನ್ನ ಸೀಟಿಗೂ ಅದರಲ್ಲಿ ಪಾಲುಂಟು ಎಂದು ನಾನು ಉಬ್ಬಿದೆ. ಸುದ್ದಿ ಹರಡಿತು. ಕಾರ್ಕಳದ ಕಲ್ಲಿನ ಗುತ್ತಿಗೆದಾರರು, ಬಸ್ಸಿನ ಮಾಲಕರು, ಮಣಿಪಾಲದ ಅಧ್ಯಾಪಕರು ತಮಗೂ ಹಾಗೆ ಕೂರುವ ಸೀಟು ಬೇಕೆಂದು ಬಂದರು. ಎಲ್ಲರೂ ಕೇಳಿದ್ದು ಓಡಿಸುವವನ ಸೀಟನ್ನೇ.

ಬೇರೆ ಕೇಳಿದವರು ಒಬ್ಬರೇ, ಲೂಸಿ ಬಾಯಿ.

ಲೂಸಿ ಬಾಯಿ ಡಾಕ್ಟರ ಆಸ್ಪತ್ರೆಯ ಸೂಲಗಿತ್ತಿ ನರ್ಸು. ನಮ್ಮ ಶಂಕರಪುರದವರೇ, ನಮ್ಮ ಮನೆಯಿಂದ ಎರಡು ತೋಟ ಆಚೆ. ನನಗಿಂತ ಹತ್ತು ವರ್ಷ ದೊಡ್ಡವರು, ಮದುವೆಯಾಗಿರಲಿಲ್ಲ. ಡಾಕ್ಟರು ಹಳ್ಳಿಗೆ ಹೋಗುವಾಗಲೆಲ್ಲ ಪಕ್ಕದ ಸೀಟಿನಲ್ಲಿ ಅವರು, ತೊಡೆಯ ಮೇಲೆ ಕುದಿಸಿದ ಹೆರಿಗೆ ಸಾಮಾನುಗಳ ಡಬ್ಬಿ. ಒಂದು ದಿನ ಡಾಕ್ಟರು ಕಾರನ್ನು ನಮ್ಮ ಅಂಗಡಿಯ ಹತ್ತಿರ ನಿಲ್ಲಿಸಿ ಏನೋ ಕೆಲಸಕ್ಕೆ ಪೇಟೆಗೆ ಹೋದಾಗ ಲೂಸಿ ಬಾಯಿ ಕಾರಿನಿಂದ ಇಳಿದು ಅಂಗಡಿಗೆ ಬಂದರು. ನಾವಿಬ್ಬರು ಮಾತನಾಡಿದ್ದು ಕೊಂಕಣಿಯಲ್ಲಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಪೇದ್ರು, ನಿನ್ನ ಸೀಟಿನಲ್ಲಿ ಡಾಕ್ಟರು ರಾಜನ ಹಾಗೆ ಕೂರ್ತಾರೆ. ನನಗೆ ಎಂತ ಮಾಡ್ತೀ?"

"ನಿಮಗೆ ಎಂತ ಆಗಿದೆ ಬಾಯಿ?"

"ಎಂತ ಆಗಿದೆಯಾ! ಮೊದಲು ಇಬ್ಬರೂ ಜಾರ್ತಿದ್ದೆವು, ಅವರೂ ಸ್ವಲ್ಪ ನಿಧಾನ ಮಾಡ್ತಿದ್ದರು. ಈಗ ಅವರಿಗೆ ಗೊತ್ತೇ ಆಗುವುದಿಲ್ಲ. ನಾನೊಬ್ಬಳು ಆ ಹೊಸ ರೆಕ್ಸಿನಿನಲ್ಲಿ ಸೋಪಿನ ಮೇಲೆ ಕೂತ ಹಾಗೆ. ಒಂದು ಕೈ ಡಬ್ಬಿಗೆ ಬೇಕು. ಇನ್ನೊಂದು ಕೈಯಲ್ಲಿ ಎಂತದ್ದು ಹಿಡಿಯಲಿ?"

ನನ್ನ ಮುಂದೆ ಗುತ್ತಿಗೆದಾರರೊಬ್ಬರ ಸೀಟು ಅರ್ಧ ಹೊಲಿಗೆಯಲ್ಲಿತ್ತು. ಸೂಜಿಯಿಂದ ಕಣ್ಣು ತೆಗೆಯದೆ ಹೇಳಿದೆ: "ಬಾಗಿಲಿನ ಹಿಡಿ ಉಂಟಲ್ಲ ಬಾಯಿ? ಸದ್ಯಕ್ಕೆ ಅದನ್ನು ಗಟ್ಟಿ ಹಿಡಿದುಕೊಳ್ಳಿ. ಮುಂದಿನ ವಾರ ನಿಮ್ಮ ಸೀಟು ನೋಡುವ."

ಆಗಿನ ಕಾರುಗಳ ಬಾಗಿಲಿನ ಒಳಗಿನ ಹಿಡಿ ಹಿಡಿದುಕೊಳ್ಳಲು ಇಟ್ಟದ್ದಲ್ಲ. ಹಿಂದಕ್ಕೆ ಎಳೆದರೆ ಬಾಗಿಲು ತೆರೆಯುವ ಹಿಡಿ ಅದು. ಅಂಥ ಬಾಗಿಲುಗಳ ಒಳಗಿನ ಹೊದಿಕೆಯನ್ನು ಎಷ್ಟೋ ಸಲ ಬಿಚ್ಚಿ ಕಟ್ಟಿದ ನನಗೆ ಇದು ಗೊತ್ತಿಲ್ಲ ಎಂದು ಹೇಗೆ ಹೇಳಲಿ? ಗೊತ್ತಿತ್ತು. ಆ ಕ್ಷಣದಲ್ಲಿ ಯೋಚಿಸಲಿಲ್ಲ. ಬಾಯಿ ಹೋಗಲಿ, ಕೆಲಸ ಮುಗಿಯಲಿ ಎಂಬುದಷ್ಟೇ ಮನಸ್ಸಿನಲ್ಲಿತ್ತು.

ಮುಂದಿನ ವಾರ ಬಂತು, ಹೋಯಿತು. ಇನ್ನೆರಡು ವಾರವೂ ಹೋಯಿತು. ಒಮ್ಮೆ ಕೊಗ್ಗ ಮೇಸ್ತ್ರಿ ಕೇಳಿದರು, "ಆ ಬಾಯಿಯ ಸೀಟು ಎಂತಾಯ್ತು? ಅದನ್ನು ಮೊದಲು ಮುಗಿಸು." ಆಯ್ತು ಎಂದೆ. ಮುಗಿಸಲಿಲ್ಲ.

ಮಳೆ ನಿಂತು ರಸ್ತೆ ಒಣಗಿದ ಕಾಲ. ಒಂದು ದಿನ ಬೆಳಿಗ್ಗೆ ಹತ್ತರ ಹೊತ್ತಿಗೆ ಬೈಲೂರಿನ ಕಡೆಯ ಒಂದು ಮನೆಯಿಂದ ಹೆರಿಗೆಯ ಕರೆ ಬಂತು. ಡಾಕ್ಟರು, ಲೂಸಿ ಬಾಯಿ ಹೊರಟರು. ದಾರಿಯಲ್ಲಿ ಬಲಕ್ಕೆ ಸುತ್ತುವ ಒಂದು ಉದ್ದದ ತಿರುವು. ಡಾಕ್ಟರು ಎಂದಿನ ಹಾಗೆ ಅರ್ಧದಲ್ಲಿ ವೇಗ ಕೊಟ್ಟರು. ಬಲಕ್ಕೆ ತಿರುಗುವಾಗ ಪಕ್ಕದವರು ಎಡಗಡೆಯ ಬಾಗಿಲಿಗೆ ಜಾರುತ್ತಾರೆ. ಲೂಸಿ ಬಾಯಿ ಜಾರಿದರು. ಕೈಯಲ್ಲಿ ಬಾಗಿಲಿನ ಹಿಡಿ ಇತ್ತು. ಮೈಯ ಭಾರಕ್ಕೆ ಕೈ ಹಿಡಿಯನ್ನು ಎಳೆಯಿತು. ಬಾಗಿಲು ತೆರೆದು ಅವರು ರಸ್ತೆ ಬದಿಯ ಮುರಕಲ್ಲಿನ ರಾಶಿಯ ಮೇಲೆ ಬಿದ್ದರು.

ಜೀವ ಉಳಿಯಿತು. ಸೊಂಟದ ಎಲುಬು ಮುರಿದಿತ್ತು. ಡಾಕ್ಟರು ಅವರನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ, ನಡೆಯುವ ವೇಗದಲ್ಲಿ ಉಡುಪಿಯ ಆಸ್ಪತ್ರೆಯ ವರೆಗೆ ಕಾರು ಓಡಿಸಿದರಂತೆ. ಅವರು ಹೋಗಬೇಕಿದ್ದ ಮನೆಯ ಹೆರಿಗೆ ಊರಿನ ಮುದುಕಿಯೊಬ್ಬಳ ಕೈಯಲ್ಲಿ ಸುಸೂತ್ರವಾಗಿ ಆಯಿತು. ತಾಯಿ ಮಗು ಇಬ್ಬರೂ ಚೆನ್ನಾಗಿದ್ದರು. ಆ ದಿನ ಅಷ್ಟು ವೇಗ ಬೇಕಾಗಿಯೇ ಇರಲಿಲ್ಲ.

ಲೂಸಿ ಬಾಯಿ ತಿಂಗಳುಗಟ್ಟಲೆ ಮಲಗಿದರು. ಎದ್ದಾಗ ಒಂದು ಕಾಲು ಗಿಡ್ಡವಾಗಿತ್ತು. ಹಳ್ಳಿಯ ಮನೆಗಳಲ್ಲಿ ಹೆರಿಗೆ ಮಾಡಿಸಬೇಕಾದರೆ ನೆಲದಲ್ಲಿ ಕುಕ್ಕರುಗಾಲಿನಲ್ಲಿ ಗಂಟೆಗಟ್ಟಲೆ ಕೂರಬೇಕು. ಅದು ಇನ್ನು ಅವರಿಂದ ಆಗುವ ಹಾಗಿರಲಿಲ್ಲ. ನೂರಾರು ಮಕ್ಕಳನ್ನು ಮೊದಲು ಎತ್ತಿಕೊಂಡ ಕೈ, ಶಂಕರಪುರದ ಮನೆಯ ಜಗಲಿಯಲ್ಲಿ ಬಾಳೆನಾರಿಗೆ ಮಲ್ಲಿಗೆ ಕಟ್ಟಲು ಕೂತಿತು.

ಆ ಮಧ್ಯೆ ಒಂದು ದಿನ ಡಾಕ್ಟರು ಕಾರು ತಂದು ಅಂಗಡಿಯ ಮುಂದೆ ನಿಲ್ಲಿಸಿದರು. ಮುಖ ಇಳಿದಿತ್ತು. ಗಡ್ಡ ಬೋಳಿಸಿರಲಿಲ್ಲ.

"ಸೀಟು ತೆಗೆದುಬಿಡು ಪೀಟರ್. ಹಳೆಯ ಹಾಗೆ ಬೆಂಚು ಮಾಡು."

"ಡಾಕ್ಟ್ರೇ…"

"ನಿನ್ನ ಕೆಲಸದಲ್ಲಿ ತಪ್ಪಿಲ್ಲ. ನೀನು ಹಾಗೆ ಎಣಿಸಬೇಡ. ಇಷ್ಟು ವರ್ಷ ಪಕ್ಕದಲ್ಲಿ ಕೂತವರು ಜಾರ್ತಿದ್ದಾರಾ ಅಂತ ನಾನು ಒಮ್ಮೆ ತಿರುಗಿ ನೋಡಲಿಲ್ಲ. ಆದರೆ ಒಂದು ನನಗೆ ಅರ್ಥ ಆಗುವುದಿಲ್ಲ. ಬಾಯಿ ಬುದ್ಧಿವಂತೆ. ಎಳೆದರೆ ತೆರೆಯುವ ಹಿಡಿಯನ್ನು ಯಾಕೆ ಹಿಡಿದುಕೊಂಡರು?"

ನಾನು ಉತ್ತರ ಹೇಳಬೇಕಾದ ಹೊತ್ತು ಅದು. ಮೂರು ಶಬ್ದ ಸಾಕಿತ್ತು: ನಾನೇ ಹೇಳಿದ್ದು, ಹಿಡಿಯಲು. ನಾಲಿಗೆಯ ತುದಿಗೆ ಬಂತು. ಅಂಗಡಿಯಲ್ಲಿ ಬೇರೆ ಗಿರಾಕಿಗಳಿದ್ದರು. ನನ್ನ ಹೆಸರು ಆಗ ತಾನೇ ಮೇಲೆ ಬರುತ್ತಿತ್ತು, ಮುಂದಿನ ತಿಂಗಳು ನನ್ನ ಮದುವೆ ಗೊತ್ತಾಗಿತ್ತು. ಬಗ್ಗಿ ಸೀಟಿನ ಬೋಲ್ಟು ಬಿಚ್ಚಲು ತೊಡಗಿದೆ. ಡಾಕ್ಟರು ಹೊರಗೆ ಹೋಗಿ ಮೆಟ್ಟಲಿನ ಮೇಲೆ ಕೂತರು.

ಅವರು ಹೋದ ಮೇಲೆ ಕೊಗ್ಗ ಮೇಸ್ತ್ರಿ ಅಂಗೈಗೆ ಮೊಳೆ ಉಗುಳಿದರು. "ಪೇದ್ರು, ನೀನು ಅವರ ಮುಖ ಯಾಕೆ ನೋಡಲಿಲ್ಲ?"

"ಎಂತ ಇಲ್ಲ ಮೇಸ್ತ್ರಿ."

ಅವರು ಮತ್ತೆ ಮೊಳೆಗಳನ್ನು ಬಾಯಿಗೆ ಹಾಕಿಕೊಂಡರು. ಆ ವಿಷಯ ಅವರು ಸಾಯುವವರೆಗೂ ಎತ್ತಲಿಲ್ಲ. ಎತ್ತಿದ್ದರೆ ನಾನು ಹೇಳಿಬಿಡುತ್ತಿದ್ದೆನೋ ಏನೋ.

ಡಾಕ್ಟರು ಮತ್ತೆ ವೇಗವಾಗಿ ಕಾರು ಓಡಿಸಲಿಲ್ಲ. ವೇಗವಾಗಿ ಓಡಿಸಲಾರೆ ಎಂದು ದೂರದ ಕರೆಗಳನ್ನೂ ಬಿಟ್ಟರು. ಕಾರ್ಕಳದ ಆಚೆಯ ಹಳ್ಳಿಗಳಲ್ಲಿ ಅವರು ಬರಲಿಲ್ಲವೆಂದು ಏನೇನು ಆಯಿತೋ, ಅದನ್ನು ಯಾರೂ ನನಗೆ ಬಂದು ಹೇಳಲಿಲ್ಲ. ನಾನೂ ಕೇಳಲಿಲ್ಲ.

ಅರವತ್ತರ ದಶಕದಲ್ಲಿ ಕೊಗ್ಗ ಮೇಸ್ತ್ರಿಯ ಅಂಗಡಿ ನನ್ನ ಕೈಗೆ ಬಂತು. ನಾರಿನ ಬದಲು ರಬ್ಬರಿನ ಫೋಮು ಬಂತು. ಕತ್ತಿಯಲ್ಲಿ ಕೊಯ್ದರೆ ಬೇಕಾದ ಆಕಾರ, ಮರಳಿನಲ್ಲಿ ಯಾರನ್ನೂ ಕೂರಿಸಬೇಕಾಗಿರಲಿಲ್ಲ. ಕೆಲಸ ಸುಲಭವಾಯಿತು. ಓಡಿಸುವವನ ಸೀಟನ್ನು ಮಾತ್ರ ಮಾಡಿಕೊಡು ಎಂದು ಬಂದವರನ್ನು ನಾನು ಹಿಂದೆ ಕಳಿಸುತ್ತಿದ್ದೆ. ಮಾಡಿದರೆ ಎರಡೂ, ಇಲ್ಲದಿದ್ದರೆ ಇಲ್ಲ. ಪಕ್ಕದವರಿಗೆ ಹಿಡಿದುಕೊಳ್ಳಲು ಬಾಗಿಲಿನ ಮೇಲೆ ಅಲ್ಲ, ಬಾಗಿಲಿನ ಪಕ್ಕದ ಕಂಬಕ್ಕೆ ಚರ್ಮದ ಪಟ್ಟಿ ಹಾಕಿ ಕೊಡುತ್ತಿದ್ದೆ. ಮಣಿಪಾಲದಲ್ಲಿ ಕಲಿಯುವ ಕೆಲವು ಯುವಕರಿಗೆ ಗುಡ್ಡ ಇಳಿಯುವಾಗ ಕಾರು ಓಡಿಸಿ ಪಂದ್ಯ ಕಟ್ಟುವ ಚಟವಿತ್ತು. ಅವರಲ್ಲೊಬ್ಬ, "ಪಕ್ಕದ ಸೀಟು ಕಿತ್ತು ಹಾಕಿ, ಭಾರ ಕಡಿಮೆ ಆಗ್ತದೆ. ಅಲ್ಲಿ ಯಾರೂ ಕೂರುವುದಿಲ್ಲ," ಅಂದ. "ಯಾರೂ ಕೂರದಿದ್ದರೂ ಅಲ್ಲಿ ಸೀಟು ಇರಲಿ," ಎಂದೆ. ಮುದುಕನಿಗೆ ತಲೆಕೆಟ್ಟಿದೆ ಎಂದುಕೊಂಡು ಹೋದ. ನನಗೆ ಆಗ ನಲವತ್ತು ಆಗಿರಲಿಲ್ಲ.

ಇಷ್ಟೆಲ್ಲ ನಿಯಮ ಮಾಡಿಕೊಂಡವನು ಲೂಸಿ ಬಾಯಿಯ ಮನೆಗೆ ಮಾತ್ರ ಹೋಗಲಿಲ್ಲ. ಎರಡು ತೋಟದ ದೂರ. ಭಾನುವಾರದ ಪೂಜೆಗೆ ಇಗರ್ಜಿಯಲ್ಲಿ ಅವರು ಎದುರು ಸಿಕ್ಕರೆ ತಲೆಬಾಗಿಸಿ ನಮಸ್ಕಾರ ಹೇಳಿ ದಾಟುತ್ತಿದ್ದೆ. ಅವರು ಕೋಲು ಊರಿಕೊಂಡು ಬರುವ ಸದ್ದು ಕೇಳಿದರೆ ನಾನು ಬೇರೆ ಬಾಗಿಲಿನಿಂದ ಹೊರಗೆ ಹೋದದ್ದೂ ಉಂಟು. ಹೀಗೆ ಹತ್ತು ವರ್ಷದ ಹತ್ತಿರ.

ಕೊನೆಗೆ ಒಂದು ದಿನ ಸಂಜೆ ಬಿಸಿಲು ಇರುವಾಗಲೇ ಹೋದೆ. ಬಾಯಿ ಜಗಲಿಯಲ್ಲಿ ಕಾಲು ಚಾಚಿ ಹೂ ಕಟ್ಟುತ್ತಿದ್ದರು. ಕೂದಲು ಬೆಳ್ಳಗಾಗಿತ್ತು.

"ಪೇದ್ರುವಾ? ಬಾ, ಕೂತುಕೊ."

ನಾನು ಕೂರಲಿಲ್ಲ. ನಿಂತೇ ಹೇಳಿದೆ. "ಬಾಯಿ, ಆ ಹಿಡಿಯನ್ನು ಹಿಡಿದುಕೊಳ್ಳಲಿಕ್ಕೆ ನಿಮಗೆ ಹೇಳಿದ್ದು ನಾನು. ಎಳೆದರೆ ಬಾಗಿಲು ತೆರೆಯುತ್ತದೆ ಅಂತ ನನಗೆ ಗೊತ್ತಿತ್ತು."

ಅವರ ಕೈ ನಿಲ್ಲಲಿಲ್ಲ. ಹೂವಿನ ಎರಡು ಸುತ್ತು ಕಟ್ಟಿ ಆದ ಮೇಲೆ ಮುಖ ಎತ್ತಿದರು.

"ನೀನು ಹೇಳಿದ್ದು ನನಗೆ ನೆನಪಿಲ್ಲ ಅಂದುಕೊಂಡಿದ್ದೆಯಾ?"

ಬಾಯಿ ಮತ್ತೊಂದು ಹೂ ಎತ್ತಿ ನಾರಿಗೆ ಸೇರಿಸಿದರು.

"ಡಾಕ್ಟರು ತಿಂಗಳಿಗೊಮ್ಮೆ ಇಲ್ಲಿಗೆ ಬರ್ತಿದ್ದರು. ನಿಧಾನ ಕಾರು ಓಡಿಸಿಕೊಂಡು. ನೀನು ಕೂರದೆ ನಿಂತಿದ್ದೀಯಲ್ಲ, ಅಲ್ಲೇ ಕೂರ್ತಿದ್ದರು. ಪ್ರತಿ ಸಲ ಒಂದೇ ಮಾತು. 'ಬಾಯಿ, ಆ ಹಿಡಿಯನ್ನು ನೀವು ಯಾಕೆ ಹಿಡಿದಿರಿ?' ಹೆದರಿಕೆಯಿಂದ ಹಿಡಿದೆ ಅಂತ ನಾನು ಹೇಳ್ತಿದ್ದೆ. 'ಹಾಗಾದರೆ ನಾನೇ ಹೆದರಿಸಿದ್ದು' ಅಂತ ಅವರು. ಒಮ್ಮೊಮ್ಮೆ ಅಳ್ತಿದ್ದರು."

"ನನ್ನ ಹೆಸರು ಯಾಕೆ ಹೇಳಲಿಲ್ಲ ಬಾಯಿ?"

"ಮೊದಲು, ನಿನಗೆ ಮದುವೆ ಗೊತ್ತಾಗಿತ್ತು ಅಂತ ಹೇಳಲಿಲ್ಲ. ಆಮೇಲೆ, ನೀನೇ ಬಂದು ಹೇಳ್ತೀ ಅಂತ ಕಾದೆ. ನೀನು ಹೇಳುವ ಮಾತನ್ನು ನಾನು ಹೇಳುವುದು ಸರಿಯಲ್ಲ ಅನಿಸಿತು." ಅವರು ನಾರನ್ನು ಹಲ್ಲಿನಿಂದ ಕಚ್ಚಿ ತುಂಡು ಮಾಡಿದರು. "ನನ್ನ ಹತ್ತಿರ ನೀನು ಹೇಳಬೇಕೆಂದೇನೂ ಇರಲಿಲ್ಲ ಪೇದ್ರು. ನನಗೆ ಗೊತ್ತೇ ಇತ್ತು. ಗೊತ್ತಾಗಬೇಕಾದದ್ದು ಅವರಿಗೆ."

ನಾನು ಆಗ ಕೂತೆ. ಬಾಯಿ ಒಳಗಿನವರನ್ನು ಕರೆದು ನನಗೆ ನೀರು ತರಿಸಿ ಕೊಟ್ಟರು.

ಶಾಂತಿರಾಜ ಡಾಕ್ಟರು ತೀರಿಕೊಂಡು ಆ ಹೊತ್ತಿಗೆ ಎರಡು ವರ್ಷ ಆಗಿತ್ತು.